ಅಡುಗೆಮನೆಗೆ ಬಂದ ಆಕಾಶವಾಣಿ

ರಾಗಿ ಅಂಬಲಿಯ ವಿಷಯವಾಗಿ ಹಿಂದೊಮ್ಮೆ ನಾನು ಬರೆದಿದ್ದನ್ನು ಓದಿ ನನ್ನ ತಂಗಿಯ ಮಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. "ಮಾವ, ಎಷ್ಟು ನಿಮಿಷ ಕುದಿಸಬೇಕು ಅಂತ ನೀವು ಬರೆದೇ ಇಲ್ಲವಲ್ಲ?" ಬರೆಯದಿದ್ದುದು ಮರೆವಿನಿಂದಲ್ಲ. ನಿಮಿಷದ ಲೆಕ್ಕ ನಮ್ಮ ಅಮ್ಮನಿಗೇ ಇರಲಿಲ್ಲ. ಹಿಂದಿನ ರಾತ್ರಿ ತಣ್ಣೀರಿನಲ್ಲಿ ಕದಡಿಟ್ಟ ರಾಗಿಹಿಟ್ಟು ಬೆಳಗಿನ ಹೊತ್ತಿಗೆ ನಸುಹುಳಿಯಾಗಿರುತ್ತಿತ್ತು. ಮರಳುವ ಎಸರಿಗೆ ಅದನ್ನು ಸಣ್ಣ ಧಾರೆಯಾಗಿ ಸುರಿಯುತ್ತ, ಇನ್ನೊಂದು ಕೈಯಲ್ಲಿ ಕೋಲನ್ನು ನಿಲ್ಲಿಸದೆ ತಿರುವಬೇಕು. ಕೈ ನಿಂತರೆ ಗಂಟು, ಉರಿ ಹೆಚ್ಚಾದರೆ ತಳ ಸೀಯುವುದು. ಹಸಿವಾಸನೆ ಹೋಗಿ, ಬಣ್ಣ ಕಡುವಾಗಿ, ಮೇಲೆ ಒಂದು ಬಗೆಯ ಹೊಳಪು ಕಂಡಾಗ ಇಳಿಸುವುದು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಇದರಲ್ಲಿ ಗಡಿಯಾರಕ್ಕೆ ಎಡೆಯೆಲ್ಲಿ?

ಆದರೆ ಹುಡುಗಿಯ ಪ್ರಶ್ನೆ ಎರಡು ದಿನ ನನ್ನನ್ನು ಬಿಡಲಿಲ್ಲ. ಮೂರನೆಯ ದಿನ ನೆನಪಾಯಿತು. ಮುಂದೆ ಅಮ್ಮನಿಗೆ ಒಂದು ಲೆಕ್ಕ ಬಂದಿತ್ತು! "ಚಿಂತನ ಶುರುವಾದಾಗ ಹಿಟ್ಟು ಬಿಟ್ಟರೆ, ಅದು ಮುಗಿದು ಇನ್ನೊಂದು ಹಾಡಾಗುವ ಹೊತ್ತಿಗೆ ಇಳಿಸು" ಎಂದು ನನ್ನ ಹೆಂಡತಿಗೆ ಅವಳು ಹೇಳಿಕೊಟ್ಟಿದ್ದಳು. ಚಿಂತನವೆಂಬುದು ಬೆಂಗಳೂರು ಆಕಾಶವಾಣಿಯ ಬೆಳಗಿನ ಕಿರುಭಾಷಣ. ಅಂಬಲಿಯ ಒಲೆಯ ಮುಂದೆ ಆ ಧ್ವನಿ ಹೇಗೆ ಬಂದು ಕುಳಿತಿತು ಎಂಬುದು ಸ್ವಲ್ಪ ಉದ್ದದ ಕಥೆ. ನಾಡಿನ ಕಥೆಯನ್ನು ಮೊದಲು ಹೇಳಿ ಆಮೇಲೆ ಮನೆಗೆ ಬರುತ್ತೇನೆ.

ನಮ್ಮ ದೇಶದಲ್ಲಿ ರೇಡಿಯೋ ಆರಂಭವಾದದ್ದು ಸರ್ಕಾರದಿಂದಲ್ಲ, ಹವ್ಯಾಸಿಗಳಿಂದ. 1923ರಲ್ಲಿ ಬೊಂಬಾಯಿಯ ರೇಡಿಯೋ ಕ್ಲಬ್ಬು, ಮರುವರ್ಷ ಮದರಾಸಿನಲ್ಲಿ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರು ಕಟ್ಟಿದ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬು. ಮದರಾಸಿನ ಕ್ಲಬ್ಬು ಹಣವಿಲ್ಲದೆ 1927ರಲ್ಲಿ ಮುಚ್ಚಿತು. ಅದರ ಯಂತ್ರವನ್ನು ಪಡೆದ ನಗರಸಭೆಯವರು 1930ರಿಂದ ತಾವೇ ಪ್ರಸಾರ ನಡೆಸಿದರು. 1927ರ ಜುಲೈಯಲ್ಲಿ ಬೊಂಬಾಯಿಯಿಂದ ಪ್ರಸಾರ ತೊಡಗಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯೂ ಮೂರು ವರ್ಷ ತುಂಬುವ ಮೊದಲೇ ದಿವಾಳಿಯಾಯಿತು. ಕೇಳುಗನು ವರ್ಷಕ್ಕೆ 10 ರೂಪಾಯಿ ಪರವಾನಗಿ ಶುಲ್ಕ ಕಟ್ಟಬೇಕಾಗಿದ್ದ ಕಾಲ ಅದು. ಹತ್ತು ರೂಪಾಯಿಗೆ ಎಷ್ಟು ಸೇರು ಅಕ್ಕಿ ಬರುತ್ತಿತ್ತು ಎಂಬುದನ್ನು ನಿಮ್ಮ ಮನೆಯ ಹಿರಿಯರು ಹೇಳಿದ್ದರೆ ನೆನಪು ಮಾಡಿಕೊಳ್ಳಿ. ಕಂಪನಿ ಏಕೆ ಮುಳುಗಿತೆಂದು ತಿಳಿದೀತು. ಆಮೇಲೆ ಸರ್ಕಾರವೇ ಅದನ್ನು ವಹಿಸಿಕೊಂಡಿತು. 1936ರ ಜೂನಿನಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದಿತು.

ಆ ಹೆಸರು ಬರುವುದಕ್ಕೆ ಒಂಬತ್ತು ತಿಂಗಳ ಮೊದಲೇ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನ ಒಂದು ಮನೆಯಿಂದ ಕನ್ನಡ ಆಕಾಶಕ್ಕೇರಿತ್ತು. ಮನೆಯ ಹೆಸರು ವಿಠ್ಠಲ ವಿಹಾರ. ಯಜಮಾನರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು. ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಸಂಶೋಧನೆ ಮಾಡಿ ಬಂದವರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದವರು. ವಿದ್ಯುತ್ತಿನ ಇಂಜಿನಿಯರರಲ್ಲ, ಶ್ರೀಮಂತ ವರ್ತಕರಲ್ಲ, ಅಧಿಕಾರಿಗಳಲ್ಲ. ಮನುಷ್ಯನ ಮನಸ್ಸು ಹೇಗೆ ಕೇಳುತ್ತದೆ, ಹೇಗೆ ಕಲಿಯುತ್ತದೆ ಎಂಬುದನ್ನು ಪಾಠ ಹೇಳುತ್ತಿದ್ದ ಒಬ್ಬ ಮೇಷ್ಟ್ರು. ಅವರು ತಮ್ಮ ಮನೆಯಲ್ಲೇ ಒಂದು ಚಿಕ್ಕ ಪ್ರೇಷಕ ಯಂತ್ರವನ್ನು ಇಟ್ಟುಕೊಂಡು ಪ್ರಸಾರ ಮಾಡತೊಡಗಿದರು. ಮೊದಲ ಯಂತ್ರದ ಶಕ್ತಿ ಒಂದು ಮನೆದೀಪಕ್ಕಿಂತ ದೊಡ್ಡದೇನಲ್ಲ. ಆಮೇಲೆ 250 ವ್ಯಾಟ್‌ನದು ಬಂದಿತು. ಬೆಂಗಳೂರು ಕೇಂದ್ರ ಮುಂದೆ 612 ಕಿಲೋಹರ್ಟ್ಸ್‌ನಲ್ಲಿ ಎರಡು ಲಕ್ಷ ವ್ಯಾಟ್‌ಗಳಿಂದ ಮಾತಾಡಿತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಸಾಹಸದ ಅಳತೆ ಸಿಕ್ಕುತ್ತದೆ. ಆ ನಿಲಯಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು. 1942ರ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, 1950ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಯಿತು, 1955ರ ನವೆಂಬರಿನಲ್ಲಿ ಬೆಂಗಳೂರು ನಿಲಯ ಆರಂಭವಾಯಿತು. 1957ರಲ್ಲಿ ಇಡೀ ದೇಶದ ರೇಡಿಯೋಗೆ ಆ ಹೆಸರೇ ನಿಂತಿತು.

ಈ ಹೆಸರಿನ ಹೆಮ್ಮೆಯನ್ನು ನಾವು ಕನ್ನಡಿಗರು ಭಾಷಣಗಳಲ್ಲಿ ಚೆನ್ನಾಗಿಯೇ ಹೇಳಿಕೊಳ್ಳುತ್ತೇವೆ. ನನಗೆ ಹೆಸರಿಗಿಂತ ಆ ಮನೆಯ ಮೇಲೆ ಕುತೂಹಲ ಹೆಚ್ಚು. ಸಂಗೀತಗಾರರು ತಂಬೂರಿ ಹೊತ್ತು ಬಂದಾಗ ಒಳಗಿನ ಮಕ್ಕಳನ್ನು ಸದ್ದು ಮಾಡದಂತೆ ಹೇಗೆ ತಡೆದರು? ಹಾಡುವವರಿಗೂ ಓದುವವರಿಗೂ ಕಾಫಿ ಕಾಯಿಸಿದವರು ಯಾರು? ಒಗ್ಗರಣೆಯ ಸದ್ದು ಎಂದಾದರೂ ಮೈಸೂರಿನ ಆಕಾಶದಲ್ಲಿ ಕೇಳಿಸಿತೇ? ನಾನು ಓದಿದ ಯಾವ ಚರಿತ್ರೆಯಲ್ಲೂ ಅಡುಗೆಮನೆಯ ಪ್ರಸ್ತಾಪವಿಲ್ಲ. ಮನೆಯಲ್ಲಿ ಹುಟ್ಟಿದ ಆಕಾಶವಾಣಿಯು ಮನೆಯ ಹೆಂಗಸರ ಕಿವಿಗೆ ತಲುಪಲು ಎಷ್ಟು ಕಾಲ ಬೇಕಾಯಿತು ಎಂಬುದೇ ಈಗ ನಾನು ಹೇಳಹೊರಟಿರುವ ವಿಷಯ. ಅದಕ್ಕೆ ನನ್ನಲ್ಲಿರುವ ಆಧಾರ ನಮ್ಮ ಮನೆ ಒಂದೇ.

ನಮ್ಮೂರು ನೆಲಮಂಗಲದ ಆಚೆ. ಬೆಂಗಳೂರಿನಲ್ಲಿ 1905ರಲ್ಲೇ ಬೀದಿದೀಪ ಹತ್ತಿದ್ದರೂ ನಮ್ಮೂರಿಗೆ ವಿದ್ಯುತ್ತು ಬಂದದ್ದು ನಾನು ಉಪಾಧ್ಯಾಯನಾಗಿ ಸಂಬಳ ಎಣಿಸತೊಡಗಿದ ಮೇಲೆ. ನನಗೆ ಹನ್ನೆರಡು ವರ್ಷವಿದ್ದಾಗ ಪಂಚಾಯಿತಿಗೆ ಸರ್ಕಾರದಿಂದ ಒಂದು ರೇಡಿಯೋ ಬಂದಿತು. ಆ ಕಾಲದಲ್ಲಿ ಹಳ್ಳಿಹಳ್ಳಿಗೂ ಸಮುದಾಯ ಶ್ರವಣಕ್ಕೆಂದು ಕೊಡುತ್ತಿದ್ದ ಪೆಟ್ಟಿಗೆ. ದಪ್ಪ ಬ್ಯಾಟರಿ, ಬೀಗ ಹಾಕಿದ ಬೀರು, ಬೀಗದ ಕೈ ಕಾರ್ಯದರ್ಶಿಗಳ ಜನಿವಾರದಲ್ಲಿ. ಸಂಜೆಯಾದರೆ ಗಂಡಸರು ಕಂಬಳಿ ಹಾಸಿಕೊಂಡು ಜಗಲಿಯ ಮೇಲೆ, ನಾವು ಹುಡುಗರು ಮೆಟ್ಟಿಲ ಮೇಲೆ. ಮಳೆಬೆಳೆ, ಪೇಟೆಧಾರಣೆ, ವಾರ್ತೆ, ಒಂದಿಷ್ಟು ಹಾಡು. ಹೆಂಗಸರು ಬರಬಾರದೆಂದು ಯಾರೂ ಹೇಳಿರಲಿಲ್ಲ. ಹಾಗೆ ಹೇಳುವ ಅಗತ್ಯವೇ ಇರಲಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಒಲೆ ಬಿಟ್ಟು ಬರುವವಳು ಯಾರು? ನೀರಿಗೆ ಹೋಗುವಾಗ ದೂರದಿಂದ ಕಿವಿಗೆ ಬಿದ್ದಷ್ಟೇ ಅವರ ಪಾಲು. "ಏನು ಹೇಳ್ತೋ?" ಎಂದು ಅಮ್ಮ ರಾತ್ರಿ ಬಡಿಸುವಾಗ ಕೇಳುತ್ತಿದ್ದಳು. ತಂದೆಯವರು "ಏನೂ ಇಲ್ಲ" ಎನ್ನುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ವಿವರಿಸುವ ಅಭ್ಯಾಸವಿರಲಿಲ್ಲ, ಅಷ್ಟೇ.

1961ರ ಬೇಸಗೆಯಲ್ಲಿ ನಮ್ಮ ಸೋದರಮಾವ ಬೆಂಗಳೂರಿನಿಂದ ಬಂದರು. ಅವರು ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದವರು. ಯುದ್ಧಕಾಲದ ಹಳೆಯ ಸಾಮಾನು ಮಾರುವ ಅಂಗಡಿಯಿಂದ ಒಂದು ಜೊತೆ ಕಿವಿಯಾಲಿಕೆಯನ್ನೂ, ಗಾಜಿನ ಕಡ್ಡಿಯಂತಿದ್ದ ಒಂದು ಜರ್ಮೇನಿಯಂ ಡಯೋಡನ್ನೂ ತಂದಿದ್ದರು. "ಬ್ಯಾಟರಿ ಬೇಡ, ಕರೆಂಟು ಬೇಡ, ರೇಡಿಯೋ ಮಾಡ್ತೀನಿ ನೋಡು" ಎಂದರು. ನಾನು ನಂಬಲಿಲ್ಲ.

ಅದು ಸ್ಫಟಿಕ ರೇಡಿಯೋ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು ಇದನ್ನು ಎಂಟನೆಯ ತರಗತಿಯಲ್ಲಿ ಹೇಳಿದ್ದೇನೆ, ಮರೆತವರಿಗಾಗಿ ಇನ್ನೊಮ್ಮೆ. ಪ್ರಸಾರದ ಅಲೆ ಉದ್ದನೆಯ ತಂತಿಗೆ ತಾಗಿದಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ತು ಅತ್ತಿತ್ತ ಹರಿದಾಡುತ್ತದೆ. ಸುರುಳಿ, ಕಂಡೆನ್ಸರುಗಳು ನಮಗೆ ಬೇಕಾದ ನಿಲಯವನ್ನು ಆರಿಸುತ್ತವೆ. ಡಯೋಡು ಒಂದೇ ದಿಕ್ಕಿಗೆ ವಿದ್ಯುತ್ತನ್ನು ಬಿಟ್ಟು, ಅಲೆಯ ಬೆನ್ನ ಮೇಲೆ ಕುಳಿತು ಬಂದ ಧ್ವನಿಯನ್ನು ಬೇರ್ಪಡಿಸುತ್ತದೆ. ಕಿವಿಯಾಲಿಕೆ ಅದನ್ನು ಕೇಳಿಸುತ್ತದೆ. ಇಡೀ ಯಂತ್ರಕ್ಕೆ ಬೇಕಾದ ಶಕ್ತಿಯನ್ನು ದೂರದ ನಿಲಯವೇ ಕೊಡುತ್ತದೆ. ನಾವು ಕೊಡುವುದು ಕಿವಿ ಮಾತ್ರ. ಡಯೋಡು ಬರುವುದಕ್ಕೆ ಮುನ್ನ ಇದೇ ಕೆಲಸವನ್ನು ಗೆಲೀನಾ ಎಂಬ ಸೀಸದ ಅದಿರಿನ ಹರಳು ಮಾಡುತ್ತಿತ್ತು. ಅಂಥ ಹರಳಿನಿಂದ ವಿದ್ಯುತ್ ಅಲೆಯನ್ನು ಹಿಡಿಯುವ ಸಾಧನಕ್ಕೆ 1901ರಲ್ಲಿ ಅರ್ಜಿ ಸಲ್ಲಿಸಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ನಮ್ಮ ಜಗದೀಶಚಂದ್ರ ಬೋಸರು. ಪಠ್ಯಪುಸ್ತಕದಲ್ಲಿ ಅವರು ಗಿಡಗಳಿಗೆ ಜೀವವಿದೆಯೆಂದು ತೋರಿಸಿದವರಾಗಿ ಮಾತ್ರ ಉಳಿದುಕೊಂಡಿರುವುದು ನನ್ನ ಹಳೆಯ ಕೊರಗು.

ಮಾವ ಬಿದಿರಿನ ಅಂಡೆಯ ಮೇಲೆ ತಾಮ್ರದ ತಂತಿಯನ್ನು ಸುತ್ತಿದರು. ತೆಂಗಿನ ಮರದಿಂದ ಹಲಸಿನ ಮರಕ್ಕೆ ಏರಿಯಲ್ ಕಟ್ಟಿದರು. ಇನ್ನುಳಿದದ್ದು ಭೂಸಂಪರ್ಕ. ಸ್ಫಟಿಕ ರೇಡಿಯೋಗೆ ನೆಲದ ತಂತಿ ಬಹಳ ಮುಖ್ಯ, ನೆಲ ಒದ್ದೆಯಾಗಿರಬೇಕು. ಬೇಸಗೆಯಲ್ಲಿ ನಮ್ಮೂರಿನ ಕೆಂಪು ಮಣ್ಣು ಇಟ್ಟಿಗೆಯಂತಾಗುತ್ತದೆ. ಮನೆಯ ಸುತ್ತ ವರ್ಷವಿಡೀ ಒದ್ದೆ ಇರುವ ಜಾಗ ಒಂದೇ: ಬಚ್ಚಲ ನೀರು ಹರಿಯುವ ಬಾಳೆಯ ಪಾತಿ. ಅದು ಇದ್ದುದು ಅಡುಗೆಮನೆಯ ಹಿಂದೆ. ಹೀಗಾಗಿ ತಂತಿ ಅಡುಗೆಮನೆಯ ಗವಾಕ್ಷಿಯಿಂದ ಒಳಕ್ಕೆ ಬಂದಿತು, ಯಂತ್ರವೂ ಉಪ್ಪಿನ ಮರಿಗೆಯ ಪಕ್ಕದಲ್ಲಿ ಕುಳಿತಿತು. ಯಾರೂ ಅಮ್ಮನಿಗಾಗಿ ಅದನ್ನು ಅಲ್ಲಿ ಇಡಲಿಲ್ಲ. ಒದ್ದೆ ನೆಲ ಹುಡುಕಿಕೊಂಡು ಅದೇ ಅಲ್ಲಿಗೆ ಬಂದಿತು.

ಎರಡು ದಿನ ನಾನು, ಮಾವ ಸರದಿಯ ಮೇಲೆ ಕೇಳಿದೆವು. ಮೂರನೆಯ ದಿನ ಬೆಳಗ್ಗೆ ಅಮ್ಮ ಅಂಬಲಿ ತಿರುವುತ್ತಿದ್ದಾಗ ಮಾವ ಸುಮ್ಮನೆ ಹೋಗಿ ಕಿವಿಯಾಲಿಕೆಯನ್ನು ಅವಳ ತಲೆಗೆ ಹಾಕಿಬಿಟ್ಟರು. ಅವಳು ಹೆದರಿ ಕಿತ್ತೆಸೆಯುವಳೆಂದು ನಾನು ನಗಲು ಸಿದ್ಧನಾಗಿದ್ದೆ. ಕೈ ನಿಂತಿತು. ಕೋಲು ಪಾತ್ರೆಯೊಳಗೇ ಉಳಿಯಿತು. ಆ ಹೊತ್ತಿಗೆ ಒಬ್ಬ ಹೆಂಗಸು ದೇವರನಾಮ ಹಾಡುತ್ತಿದ್ದಳು. ಅಮ್ಮ ಸುಮಾರು ಹೊತ್ತು ಕೇಳಿ, ತನ್ನ ಧ್ವನಿ ತನಗೇ ತಿಳಿಯದಷ್ಟು ಗಟ್ಟಿಯಾಗಿ, "ಇವಳಿಗೆ ಬೆಳಗ್ಗೆ ಮನೇಲಿ ಕೆಲಸ ಇಲ್ವೇನೋ?" ಎಂದಳು. ಅದು ಗೇಲಿಯಲ್ಲ, ಅಸೂಯೆಯೂ ಅಲ್ಲ. ಈ ಹೊತ್ತಿನಲ್ಲಿ ಒಬ್ಬ ಹೆಂಗಸು ಒಲೆಯ ಮುಂದಲ್ಲದೆ ಬೇರೆಲ್ಲಿ ಇರಬಹುದೆಂಬ ನಿಜವಾದ ಪ್ರಶ್ನೆ. ಅಂದು ಅಂಬಲಿ ತಳ ಹಿಡಿಯಿತು. ತಂದೆಯವರು ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟರು, ಏನೂ ಹೇಳಲಿಲ್ಲ.

ಮೂರು ವಾರ ಅಮ್ಮ ಹೀಗೆ ಕೇಳಿದಳು. ಬೆಂಗಳೂರು ನಿಲಯದಲ್ಲಿ ಮಹಿಳೆಯರಿಗೆಂದೇ ಒಂದು ಕಾರ್ಯಕ್ರಮವಿದೆಯೆಂದು ತಾನೇ ಕಂಡುಹಿಡಿದು, ಆ ವೇಳೆಗೆ ರಾಗಿ ಬೀಸುವುದನ್ನು ಮುಗಿಸಿಟ್ಟಿರುತ್ತಿದ್ದಳು. ರಾತ್ರಿ ಬಡಿಸುವಾಗ ಈಗ ಅವಳೇ ಹೇಳುತ್ತಿದ್ದಳು, ನಾವು ಕೇಳುತ್ತಿದ್ದೆವು.

ಆಮೇಲೆ ಅಂಚೆಯವನು ತಂದೆಯವರಿಗೆ ಒಂದು ಮಾತು ಹೇಳಿದ. 1933ರ ಕಾನೂನಿನ ಪ್ರಕಾರ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧ. ಅದಕ್ಕೆ ಬ್ಯಾಟರಿ ಉಂಟೋ ಇಲ್ಲವೋ ಎಂಬುದು ಕಾನೂನಿಗೆ ಸಂಬಂಧಿಸಿದ್ದಲ್ಲ. ತಂದೆಯವರ ಹೆದರಿಕೆಗೂ ಕಾರಣವಿತ್ತು. 1939ರಲ್ಲಿ ಯುದ್ಧ ಬಂದಾಗ ಹವ್ಯಾಸಿಗಳ ಪರವಾನಗಿಗಳನ್ನೆಲ್ಲ ಸರ್ಕಾರ ರದ್ದುಪಡಿಸಿತ್ತು. 1942ರಲ್ಲಿ ಬೊಂಬಾಯಿಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿ ಸೆರೆಮನೆ ಸೇರಿದ್ದರು. ತಂತಿ, ಮರ, ಪೊಲೀಸು ಇವು ಮೂರೂ ಅವರ ತಲೆಮಾರಿನವರ ಮನಸ್ಸಿನಲ್ಲಿ ಒಟ್ಟಿಗೇ ಇದ್ದವು. ಮಾರನೆಯ ದಿನ ಏರಿಯಲನ್ನು ಇಳಿಸಿದರು. ತಂತಿ ಒಳ್ಳೆಯದಿತ್ತು, ಬಿಸಾಡುವ ಮನಸ್ಸಾಗಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿದರು. ಅಮ್ಮ ಎಂಟು ವರ್ಷ ಆ ತಂತಿಯ ಮೇಲೆ ಬಟ್ಟೆ ಹರವಿದಳು. ಅವಳು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಈ ನಡುವೆ ಹೊರಗೆ ಬಹಳಷ್ಟು ನಡೆದಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು 1960ರ ದಶಕದಲ್ಲಿ ನಮ್ಮ ಪೇಟೆಗಳಿಗೂ ಬಂದಿತು. ಬಿಸಿಯಾಗಲು ಒಂದು ನಿಮಿಷ ತೆಗೆದುಕೊಳ್ಳುತ್ತಿದ್ದ ವಾಲ್ವಿನ ರೇಡಿಯೋ, ಅದರ ಹಾಸುಗೆಯಷ್ಟು ದೊಡ್ಡ ಮರದ ಪೆಟ್ಟಿಗೆ, ಅದರ ಮೇಲೆ ಹೊದಿಸಿದ ಕಸೂತಿ ಬಟ್ಟೆ ಇವೆಲ್ಲ ಪಟ್ಟಣದ ಹಜಾರಗಳಲ್ಲಿ ಉಳಿದವು. ನಾಲ್ಕು ಸೆಲ್ಲು ಹಾಕಿದರೆ ಹೊಲಕ್ಕೂ ಕೊಂಡೊಯ್ಯಬಹುದಾದ ಪೆಟ್ಟಿಗೆ ಹಳ್ಳಿಗೆ ಬಂದಿತು. ಸಿನಿಮಾ ಹಾಡು ಬೇಕಾದವರು ಸಿಲೋನಿಗೆ ತಿರುಗಿಸುತ್ತಿದ್ದರು, ಆ ಕಥೆ ಎಲ್ಲರಿಗೂ ಗೊತ್ತು.

1969ರಲ್ಲಿ ನಾನು ಕೂಡಿಟ್ಟ ಸಂಬಳದಲ್ಲಿ ಒಂದು ಟ್ರಾನ್ಸಿಸ್ಟರು ಕೊಂಡೆ. ಮನೆಗೆ ತರುವ ಮೊದಲೇ ಅಂಚೆ ಕಚೇರಿಗೆ ಹೋಗಿ ಪರವಾನಗಿ ಮಾಡಿಸಿದೆ. ಅದೊಂದು ಚಿಕ್ಕ ಪುಸ್ತಕ. ಪ್ರತಿವರ್ಷ ಹಣ ಕಟ್ಟಿದಾಗ ಅದರಲ್ಲಿ ರೇಡಿಯೋ ಸ್ಟಾಂಪು ಅಂಟಿಸಿ ಮೊಹರು ಒತ್ತಿಕೊಡುತ್ತಿದ್ದರು. ಗುಮಾಸ್ತರು "ಹೆಸರು?" ಎಂದರು. ನಾನು ಅಮ್ಮನ ಹೆಸರನ್ನು ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಯಜಮಾನರು ಇಲ್ಲವೇ?" ಎಂದರು. "ಇದ್ದಾರೆ, ರೇಡಿಯೋ ಅಮ್ಮನದು" ಎಂದೆ. ಹೊಲದ ಪಹಣಿ ತಂದೆಯವರ ಹೆಸರಿನಲ್ಲಿತ್ತು, ಮನೆಕಂದಾಯದ ರಸೀತಿ ಅವರ ಹೆಸರಿನಲ್ಲಿತ್ತು, ಪಡಿತರ ಚೀಟಿಯೂ ಅವರದೇ. ಅಮ್ಮನ ಹೆಸರಿಗೆಂದೇ ಸರ್ಕಾರ ಕೊಟ್ಟ ಕಾಗದವೆಂದರೆ ನಮ್ಮ ಮನೆಯಲ್ಲಿ ಆ ಪುಸ್ತಕ ಒಂದೇ. ಅವಳಿಗೆ ಓದು ಬರುತ್ತಿರಲಿಲ್ಲ. ತನ್ನ ಹೆಸರು ಎಲ್ಲಿದೆಯೆಂದು ತೋರಿಸಿಸಿಕೊಂಡು, ಬೆರಳಿಟ್ಟು ನೋಡಿ, ಅದನ್ನು ಕುಂಕುಮದ ಭರಣಿಯ ಪೆಟ್ಟಿಗೆಯಲ್ಲಿಟ್ಟಳು. 1980ರ ದಶಕದಲ್ಲಿ ಪರವಾನಗಿಯೇ ರದ್ದಾದ ಮೇಲೂ ಬಿಸಾಡಲಿಲ್ಲ. ಈಗ ಅದು ನನ್ನ ಬಳಿ ಇದೆ.

ಟ್ರಾನ್ಸಿಸ್ಟರಿಗೆ ಏರಿಯಲೂ ಬೇಡ, ಒದ್ದೆ ನೆಲವೂ ಬೇಡ. ಎಲ್ಲಿ ಬೇಕಾದರೂ ಇಡಬಹುದಿತ್ತು. ಅಮ್ಮ ಅದನ್ನು ಹಳೆಯ ಜಾಗದಲ್ಲೇ, ಉಪ್ಪಿನ ಮರಿಗೆಯ ಪಕ್ಕದಲ್ಲಿಟ್ಟಳು. ಬೆಳಗ್ಗೆ ನಿಲಯ ತೆರೆಯುವ ಸಂಕೇತರಾಗ ಕೇಳಿಸಿದಾಗ ಒಲೆ ಹೊತ್ತಿಸುವುದು. (ಆ ರಾಗ, ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಬೊಂಬಾಯಿಗೆ ಬಂದ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರರ ರಚನೆಯೆಂದು ಪ್ರಸಿದ್ಧಿ. ದೇಶ ಕಳೆದುಕೊಂಡವರೊಬ್ಬರ ರಾಗಕ್ಕೆ ನಮ್ಮೂರಿನ ಒಲೆ ಹತ್ತುತ್ತಿತ್ತು.) ವಂದನಕ್ಕೆ ಎಸರು, ಚಿಂತನಕ್ಕೆ ಹಿಟ್ಟು, 1974ರಿಂದೀಚೆಗೆ ಸಂಸ್ಕೃತ ವಾರ್ತೆಗೆ ತಂದೆಯವರ ಲೋಟ. ಹೊಗೆ ಹಿಡಿದು ರೇಡಿಯೋದ ಬಣ್ಣವೇ ತಿಳಿಯದಂತಾಗಿತ್ತು.

ಅಂಬಲಿಯೇ ಬದಲಾದದ್ದನ್ನೂ ಹೇಳಬೇಕು. ತಂಜಾವೂರಿನ ರೈತರು 1960ರ ದಶಕದಲ್ಲಿ ಎ.ಡಿ.ಟಿ. 27 ಎಂಬ ಹೊಸ ಭತ್ತವನ್ನು 'ರೇಡಿಯೋ ಭತ್ತ'ವೆಂದು ಕರೆದರಂತೆ, ಅದರ ಸುದ್ದಿ ರೇಡಿಯೋದಿಂದ ಬಂದುದರಿಂದ. ನಮ್ಮ ಮನೆಯಲ್ಲಿ ಅದೇ ರೀತಿ ಬಂದದ್ದು ಇಂಡಾಫ್ ರಾಗಿ. ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ವಿಜ್ಞಾನಿಗಳು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ ಮಂಡ್ಯದ ಕಡೆಯ ಕ್ಷೇತ್ರದಲ್ಲಿ ಬೆಳೆಸಿದ ತಳಿಗಳವು. ಇಂಡಿಯಾ, ಆಫ್ರಿಕ ಎರಡರ ಮೊದಲಕ್ಷರಗಳೇ ಅದರ ಹೆಸರು. ಕೃಷಿರಂಗದಲ್ಲಿ ಅದರ ವಿವರವನ್ನು ಕೇಳಿದವಳು ಅಮ್ಮ. ಬೀಜಕ್ಕೆ ಎಲ್ಲಿ ಕೇಳಬೇಕು, ಸಸಿಯನ್ನು ಎಷ್ಟು ಅಂತರದಲ್ಲಿ ನೆಡಬೇಕು ಎಂಬುದನ್ನು ಬಾಯಿಪಾಠ ಮಾಡಿ ತಂದೆಯವರಿಗೆ ಒಪ್ಪಿಸಿದಳು. ಅವರು ಒಂದು ವರ್ಷ ಕೇಳಿಸಿಕೊಳ್ಳಲಿಲ್ಲ. ಎರಡನೆಯ ವರ್ಷ ಅರ್ಧ ಎಕರೆಗೆ ಹಾಕಿದರು. ಕಣಕ್ಕೆ ರಾಶಿ ಬಿದ್ದ ದಿನ ಬಂದವರೆಲ್ಲರಿಗೂ "ನಮ್ಮ ಮನೆಯವಳು ರೇಡಿಯೋದಲ್ಲಿ ಕೇಳಿದ್ದು" ಎಂದು ಅವರೇ ಹೇಳಿದರು. ಅಂಬಲಿಯ ರುಚಿ ಹಳೆಯ ರಾಗಿಯದೇ ಚೆನ್ನ ಎಂದು ಅಮ್ಮ ಮಾತ್ರ ಕೊನೆಯವರೆಗೂ ಹೇಳುತ್ತಿದ್ದಳು.

ಇನ್ನು, ಮುಂದೆ ಹೇಳುತ್ತೇನೆಂದ ಮಾತು. 1978ರಲ್ಲಿ ನಾನು ಎಂಟನೆಯ ತರಗತಿಗೆ ವಿಜ್ಞಾನ ತೆಗೆದುಕೊಳ್ಳುತ್ತಿದ್ದೆ. ಕೊನೆಯ ಸಾಲಿನ ಹುಡುಗನೊಬ್ಬ ಕೈಯಿಂದ ಕಿವಿ ಮುಚ್ಚಿಕೊಂಡು ಕಿಟಕಿಗೆ ಒರಗಿ ಕುಳಿತಿದ್ದ. ಹತ್ತಿರ ಹೋದರೆ ಕೈಯೊಳಗೆ ಕಿವಿಯಾಲಿಕೆ, ಮೇಜಿನ ಕೆಳಗೆ ಸೋಪಿನ ಡಬ್ಬಿ, ಅದರಿಂದ ಕಿಟಕಿಯ ಕಬ್ಬಿಣದ ಸರಳಿಗೆ ಒಂದು ತಂತಿ. ಡಬ್ಬಿಯೊಳಗೆ ಸುರುಳಿ, ಡಯೋಡು. ನಾನೇ ಹಿಂದಿನ ವಾರ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ ಚಿತ್ರವನ್ನು ಅವನು ಮಾಡಿಕೊಂಡು ಬಂದಿದ್ದ. ನನಗೆ ಸಿಟ್ಟು ಬಂದಿತು. ಪಾಠದ ನಡುವೆ ಕೇಳಿದ್ದಕ್ಕೆ. ಕಿತ್ತುಕೊಂಡೆ. "ಪರವಾನಗಿ ಇದೆಯೇನೋ?" ಎಂದೆ. ಇಡೀ ತರಗತಿ ನಕ್ಕಿತು. ವಾರ್ಷಿಕ ಪರೀಕ್ಷೆಯ ನಂತರ ಕೊಡುತ್ತೇನೆಂದು ಹೇಳಿ ಬೀರುವಿನಲ್ಲಿಟ್ಟೆ. ಬೇಸಗೆಯಲ್ಲಿ ನನಗೆ ವರ್ಗವಾಯಿತು, ಪುಸ್ತಕಗಳ ಜೊತೆ ಅದೂ ಗಂಟುಕಟ್ಟಿಕೊಂಡು ಬಂದಿತು. ಅಂದು ಮನೆಗೆ ಹೋಗಿ ಅಮ್ಮನಿಗೆ ನಗುತ್ತ ಈ ಸುದ್ದಿ ಹೇಳಿದ್ದೆ. ಅಮ್ಮ ನಗಲಿಲ್ಲ. "ನೀನೂ ತಂತಿ ಇಳಿಸಿದೆಯಾ?" ಎಂದಳು. ಬಟ್ಟೆಯ ತಂತಿಯ ಬಗ್ಗೆ ಅವಳು ಆಡಿದ ಮಾತು ಅದೊಂದೇ.

ಆ ಹುಡುಗನ ಹೆಸರು ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಈಗ ಅವನಿಗೆ ಅರವತ್ತು ದಾಟಿರಬೇಕು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಅಂದು ಆ ತರಗತಿಯಲ್ಲಿ ನಕ್ಕವರಿದ್ದರೆ ಅವನಿಗೆ ಹೇಳಿ. ಸೋಪಿನ ಡಬ್ಬಿ ಹಾಗೆಯೇ ಇದೆ. ಸುರುಳಿಯ ತಂತಿಯ ಒಂದು ತುದಿ ಮುರಿದಿತ್ತು, ಬೆಸುಗೆ ಹಾಕಿಸಿದ್ದೇನೆ. ಡಯೋಡನ್ನು ಕಳೆದ ವಾರ ಮೀಟರಿನಲ್ಲಿ ಪರೀಕ್ಷಿಸಿದೆ, ಕೆಟ್ಟಿಲ್ಲ. ಬೆಳಗಿನ ಹೊತ್ತು ಬಂದರೆ ಅಂಬಲಿಯೂ ಇರುತ್ತದೆ.